ಹೊಟ್ಟೆಗೆ ಕಟ್ಟಿದ ಪಟ್ಟಿ, ಅತ್ತೆ ಬಿಚ್ಚಿದ ಗಂಟು

ಕೇಳಿ ಸ್ನೇಹಿತರೇ, ಇವತ್ತು ನಮ್ಮ ಬೆಳಗಾವಿ ದವಾಖಾನೆಯಲ್ಲಿ ನನ್ನ ಹೊಸ ಯಂತ್ರಕ್ಕೆ ಒಬ್ಬರು ಅತ್ತೆ ಎದುರಾದರು. ಖಾನಾಪುರದ ಗಂಗವ್ವನಿಗೆ ಹೆರಿಗೆ ನೋವು ಬರಲೆಂದು ಚಳಿಜ್ವರದ ಔಷಧ ಕ್ವಿನೈನನ್ನೇ ಕೊಟ್ಟು, ಹೊಟ್ಟೆಗೆ ಯಂತ್ರದ ಪಟ್ಟಿ ಕಟ್ಟಿದ್ದೆ. ಗರ್ಭಕೋಶ ಬಿಗಿದಾಗಲೆಲ್ಲ ಅದರ ಮುಳ್ಳು ಕಂದೀಲಿನ ಮಸಿ ಹಿಡಿಸಿದ ಕಾಗದದ ಮೇಲೆ ಗುಡ್ಡದಂಥ ಗೆರೆ ಬರೆಯುತ್ತಿತ್ತು.

ಒಮ್ಮೆಲೇ ಗೆರೆ ಸಪಾಟಾಯಿತು. ನೋವು ನಿಂತಿತೆಂದು ಇನ್ನಷ್ಟು ಔಷಧ ಕೈಗೆತ್ತಿಕೊಂಡೆ. ಕೊಟ್ಟಿದ್ದರೆ ಗರ್ಭಕೋಶವೇ ಹರಿದುಹೋಗುತ್ತಿತ್ತೇನೋ.

“ನೋವು ನಿಂತಿಲ್ಲರೀ ಡಾಕ್ಟರ್ ಬಾಯಾರ, ನಮ್ಮತ್ತಿ ಪಟ್ಟಿ ಬಿಚ್ಚ್ಯಾರ!” ಗಂಗವ್ವ ಚೀರಿದಳು.

“ಹಡಿಯೂ ಹೊತ್ತಿನಾಗ ಒಂದೂ ಗಂಟು ಇರಬಾರದ್ರೀ,” ಅಂದರು ಅತ್ತೆ. ಸೊಸೆಯ ಜಡೆಯನ್ನೂ ಆಗಲೇ ಬಿಚ್ಚಿದ್ದರು.

ಸ್ವಲ್ಪ ಹೊತ್ತಿನಲ್ಲೇ ಹೆಣ್ಣುಮಗು! ದವಾಖಾನೆಯೇ ನಡುಗುವಂತೆ ಅತ್ತಿತು. ಗೆದ್ದದ್ದು ಔಷಧ ಎಂದೆ ನಾನು. ಬಿಚ್ಚಿದ ಗಂಟು ಎಂದರು ಅತ್ತೆ.

“ಹಡದಾಕಿ ನಾನರೀ!” ಎಂದಳು ಗಂಗವ್ವ.