ಮಲ್ಲುವಿನ ಬಾಯಿ ಕಟ್ಟಿದವಳು ನಾನು

ತನುಜಾ, ಮಲ್ಲು, ನಿಮ್ಮ ಅಜ್ಜಿ ಮಾಡಿದ ತಪ್ಪನ್ನು ನೀವು ಅವಳ ಕೈಬರಹದಲ್ಲೇ ತಿಳಿಯಬೇಕು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು ನಾನು. ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ವಿಠ್ಠಲನನ್ನು ನಂಬಿದ ಬೇರೆ ಯಾರಾದರೂ ಇದನ್ನು ಓದಿದರೂ ಓದಲಿ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳಾದ ನಿಮ್ಮ ಅವ್ವ ಸವಿತಾಳಿಗೆ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಕಲ್ಯಾಣದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಮನೆಗೆ ಬಂದು, ನಿಮ್ಮ ಅಪ್ಪನ ಜೊತೆ ಕೂತು ಮೊಬೈಲಿನಲ್ಲಿ ಅಲ್ಲಿಯ ಶಾಲೆ ಹುಡುಕುತ್ತಿದ್ದಳು. ಒಂದರಲ್ಲಿ ಬರೀ ಜರ್ಮನ್. ತನುಜಾ ಹಿಂದೆ ಬೀಳುತ್ತಾಳೆಂಬ ಚಿಂತೆ. ಇನ್ನೊಂದರಲ್ಲಿ ಬರೀ ಇಂಗ್ಲಿಷ್. ಫೀಸಿಗೇ ಒಬ್ಬರ ಪಗಾರ ಪೂರ್ತಿ ಬೇಕು. ಕೊನೆಗೆ ಅರ್ಧ ಪಾಠ ಜರ್ಮನ್, ಅರ್ಧ ಇಂಗ್ಲಿಷ್ ಇರುವ, ಕೈಗೆಟುಕುವ ಶಾಲೆಯೊಂದು ಸಿಕ್ಕಿತು. ಮಕ್ಕಳನ್ನು ವಿಡಿಯೋದಲ್ಲಿ ಮಾತಾಡಿಸಿ ಸೇರಿಸಿಕೊಳ್ಳುತ್ತಾರಂತೆ. ಅದೂ ಆಗದಿದ್ದರೆ ಅಪ್ಪ ಅವ್ವ ಮುಂದೆ ಹೋಗಿ, ನಿಮ್ಮಿಬ್ಬರನ್ನು ಒಂದು ವರ್ಷ ಇಲ್ಲೇ ಡೊಂಬಿವಲಿಯಲ್ಲಿ ನನ್ನ ಬಳಿ ಬಿಡುವುದೆಂದು ಮಾತಾಯಿತು.

ಅದನ್ನು ಕೇಳಿ ನನಗೆ ಆಸೆ ಹುಟ್ಟಿತು. ನಿಮ್ಮಜ್ಜ ಹೋದ ಮೇಲೆ ನನ್ನನ್ನು ದಿನಕ್ಕೆ ಹತ್ತು ಸಲ ಕೂಗುವವರು ನೀವಿಬ್ಬರೇ. ಆ ಶಾಲೆಯವರು ನಿಮ್ಮನ್ನು ಬೇಡವೆಂದರೆ ತುಳಸಿ ಹಾರ ಹಾಕುತ್ತೇನೆಂದು ವಿಠ್ಠಲನಿಗೆ ಹರಕೆ ಹೊತ್ತೆ. ಅಷ್ಟಕ್ಕೇ ನಿಲ್ಲಲಿಲ್ಲ. ಶಾಲೆಯವರು ವಿಡಿಯೋದಲ್ಲಿ ಮಾತಾಡಿಸುವ ದಿನ ಮಲ್ಲುವಿನ ತಲೆ ಬಾಚುತ್ತ ಕಿವಿಯಲ್ಲಿ, "ಆ ಮೇಡಮ್ ಏನ ಕೇಳಿದ್ರೂ ಮಾತಾಡಬ್ಯಾಡಪ್ಪ. ಮಾತಾಡಿದ್ರ ನನ್ನ ಬಿಟ್ಟು ಹೋಗಬೇಕಾಗ್ತದ" ಎಂದೆ.

ತನುಜಾ, ನೀನು ಚೆನ್ನಾಗಿ ಮಾತಾಡಿದೆ. ಮಲ್ಲು ತನ್ನ ಹೆಸರನ್ನೂ ಹೇಳಲಿಲ್ಲ. ಮೂರನೆಯ ದಿನ ಶಾಲೆಯಿಂದ ಉತ್ತರ ಬಂತು: ಆರು ವರ್ಷದ ಮಗು ಮಾತೇ ಆಡುತ್ತಿಲ್ಲ, ಅದರ ಮೇಲೆ ಎರಡು ಭಾಷೆಯ ಭಾರ ಹೊರಿಸಲಾರೆವು. ಸವಿತಾ ಯೂನಿಫಾರ್ಮಿನಲ್ಲೇ ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತಳು. "ಡ್ಯೂಟಿ ಡ್ಯೂಟಿ ಅಂತ ನಾನೇ ಕೂಸಿನ ಜೋಡಿ ಮಾತಾಡಲಿಲ್ಲವ್ವಾ. ಅದಕ್ಕ ಹಿಂಗಾತು" ಎಂದಳು. ನಾನು ಬಾಯಿ ಬಿಡದೆ ಅವಳ ಬೆನ್ನು ಸವರಿದೆ. ಆ ಕೈಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಕಾದಶಿಯ ದಿನ ಹರಕೆಯ ಹಾರ ಹಿಡಿದು, ಮಲ್ಲುವನ್ನು ಕರೆದುಕೊಂಡು ಲೋಕಲ್ ರೈಲು ಹತ್ತಿದೆ. ವಿಠ್ಠಲವಾಡಿಯಲ್ಲಿ ಸಣ್ಣ ಗುಡಿಯೊಂದಿದೆ. ಲೇಡೀಸ್ ಡಬ್ಬಿಯಲ್ಲಿ ಮಲ್ಲು ನನ್ನ ಸೆರಗು ಜಗ್ಗಿ, "ಅಜ್ಜಿ, ಮೈ ತೋ ಚುಪ್ ಬೈಠಾ ಥಾ. ಫಿರ್ ಮಮ್ಮಿ ಕ್ಯೂಂ ರೋತಿ ಹೈ?" ಎಂದ. ಅಜ್ಜಿ ಹೇಳಿದಂತೆ ಸುಮ್ಮನಿದ್ದರೂ ಅವ್ವ ಅಳುವುದೇಕೆಂದು ಅವನಿಗೆ ಗೊತ್ತಾಗಲಿಲ್ಲ.

ವಿಠ್ಠಲ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ, ತಪ್ಪು ಒಪ್ಪುವ ತನಕ ದಾರಿ ಬಿಡದ ಮನೆಯ ಹಿರಿಯನ ಹಾಗೆ. ಹಾರ ಕೊಡಲಾಗಲಿಲ್ಲ. "ಮಕ್ಕಳು ನನ್ನ ಬಳಿಯೇ ಉಳಿಯಲಿ ಎಂದು ಇನ್ನು ಕೇಳುವುದಿಲ್ಲ ತಂದೆ. ಮಗಳ ಮುಂದೆ ಹೇಳುವಷ್ಟು ಬಾಯಿ ಕೊಡು" ಎಂದು ಬೇಡಿಕೊಂಡೆ.

ಮನೆಗೆ ಬಂದು ಹೇಳಿಯೇಬಿಟ್ಟೆ. ಸವಿತಾ ಮಲ್ಲುವನ್ನು ತೊಡೆಯ ಮೇಲೆ ಎಳೆದುಕೊಂಡಳು. "ನನಗ ಹೋಗಬ್ಯಾಡ ಅಂದಿದ್ರ ಜಗಳ ಆಡ್ತಿದ್ದೆ, ಮುಗೀತಿತ್ತು. ಕೂಸಿನ ಬಾಯಿ ಯಾಕ ಕಟ್ಟಿದಿಯವ್ವಾ?" ಎಂದಳು. ಎರಡು ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ಆದರೆ ನಡೆದದ್ದನ್ನೆಲ್ಲ ಮುಚ್ಚಿಡದೆ ಶಾಲೆಗೆ ಬರೆದಳು.

ಶಾಲೆಯವರು ಮತ್ತೆ ಕರೆಯುತ್ತಾರೆಂದು ಯಾರೂ ನಂಬಿರಲಿಲ್ಲ. ಉತ್ತರ ಬಂತು: ಇನ್ನೊಮ್ಮೆ ನೋಡೋಣ, ಅಜ್ಜಿಯೂ ಜೊತೆಗೆ ಕೂರಲಿ.

ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವ ನಾನು ಕ್ಯಾಮೆರಾ ಮುಂದೆ ಕೂತೆ. ಮಲ್ಲು ನನ್ನ ಮುಖ ನೋಡಿದ, ತುಟಿ ತೆರೆಯಲಿಲ್ಲ. "ನಾ ಹೇಳಿದ್ದು ತಪ್ಪಪ್ಪ. ಮಾತಾಡು. ನೀ ಎಲ್ಲಿಗೆ ಹೋದ್ರೂ ನಾ ನಿನ್ನ ಅಜ್ಜೀನ" ಎಂದೆ.

"ಪಕ್ಕಾ?" ಎಂದ.

"ಪಕ್ಕಾ."

ಹೆಸರು ಹೇಳಿದ. ನಿನಗೇನು ಇಷ್ಟವೆಂದು ಮೇಡಮ್ ಕೇಳಿದಾಗ ಎದ್ದು ನಿಂತು, ಲೋಕಲ್‌ನಲ್ಲಿ ಸ್ಟೇಷನ್ ಹೆಸರು ಹೇಳುವ ದನಿಯನ್ನೇ ಹಿಡಿದು, ಅದೇ ಗತ್ತಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೂಗಿದ: "ಪುಢೀಲ ಸ್ಟೇಷನ್, ವಿಠ್ಠಲವಾಡಿ! ಅಗಲಾ ಸ್ಟೇಷನ್, ವಿಠ್ಠಲವಾಡಿ! ನೆಕ್ಸ್ಟ್ ಸ್ಟೇಷನ್, ವಿಠ್ಠಲವಾಡಿ!" ಆ ಮೇಡಮ್ ನಕ್ಕು ಚಪ್ಪಾಳೆ ತಟ್ಟಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮುಂದಿನ ವಾರ ಇಬ್ಬರಿಗೂ ಸೀಟು ಸಿಕ್ಕಿತು. ಹೊಸ ಹಾರ ತೆಗೆದುಕೊಂಡು ಹೋಗಿ ವಿಠ್ಠಲನ ಕೊರಳಿಗೆ ಹಾಕಿಸಿ ಬಂದೆ. ನಾನು ಬೇಡಿದ ಕೆಟ್ಟದ್ದನ್ನು ಅವನು ನಡೆಯಗೊಡಲಿಲ್ಲ. ಇದಕ್ಕಿಂತ ದೊಡ್ಡ ಕೃಪೆ ನನಗೆ ಗೊತ್ತಿಲ್ಲ.

ಈಗ ಇದನ್ನು ನಿಮ್ಮ ಅವ್ವ ಓದಿ ಹೇಳಲಿ, ಒಂದು ಸಾಲೂ ಬಿಡದೆ. ಮುಂದೆ ನೀವೇ ಕನ್ನಡ ಓದುವಂತಾದಾಗ ಮತ್ತೆ ಓದಿರಿ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮ ಶಾಲೆಯ ಕಾಗದಗಳ ಜೊತೆಯಲ್ಲೇ ಇರಲಿ, ಜೋಪಾನ, ಮಕ್ಕಳೇ.