ನಿಧಾನದ ಡಿಸ್ಕು

ಲ್ಯಾಪ್‌ಟಾಪ್ ರಿಪೇರಿ ಮಾಡುವ ಅವನಿಗೆ ಗಲ್ಲಿಯವರು ಇಟ್ಟ ಹೆಸರು ಸ್ಪೀಡಣ್ಣ. ಕೆಲಸದಲ್ಲಿ ಸ್ಪೀಡೇನೂ ಇರಲಿಲ್ಲ. ಯಾವ ಹಾರ್ಡ್ ಡಿಸ್ಕ್ ಕೈಗೆ ಬಂದರೂ ಅದು ಎಷ್ಟು ವೇಗವಾಗಿ ಓದುತ್ತದೆ, ಎಷ್ಟು ವೇಗವಾಗಿ ಬರೆಯುತ್ತದೆ ಎಂದು ಅಳೆದು, ಇನ್ನೊಂದರ ಜೊತೆ ಹೋಲಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ನೀವು ಸ್ನಾನಕ್ಕೆ ಏಳೋ ವೇಗಾನೂ ಒಂದ್ಸಲ ಅಳೀರಿ," ಎಂದು ಹೆಂಡತಿ ಚುಚ್ಚುತ್ತಿದ್ದಳು.

ನಿಧಾನದ ಡಿಸ್ಕೆಂದರೆ ಅವನಿಗೆ ತಾತ್ಸಾರ.

ಒಂದು ದಿನ ಅಕ್ಕ, ಭಾವ ಹಳೆಯ ಲ್ಯಾಪ್‌ಟಾಪೊಂದನ್ನು ಹಿಡಿದು ಅಂಗಡಿಗೆ ಬಂದರು. ಭಾವ ಮೇಷ್ಟ್ರು. ಗಂಟಲಿನ ಆಪರೇಷನ್ ಆಗಿ ಅವರ ಧ್ವನಿ ಹೋಗಿತ್ತು. ಅದಕ್ಕೂ ಮೊದಲು ಶಾಲೆಯ ಮಕ್ಕಳಿಗೆಂದು ಆ ಲ್ಯಾಪ್‌ಟಾಪಿನಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ಆ ಧ್ವನಿ ಈಗ ಉಳಿದಿದ್ದು ಅದರಲ್ಲಿ ಮಾತ್ರ.

"ಒಂದು ಪಾಠ ತೆಗೆಯೋಕೆ ಒಂದು ಯುಗ ಬೇಕು ಕಣೋ. ಎಲ್ಲಾನೂ ಹೊಸ ಡಿಸ್ಕಿಗೆ ಹಾಕ್ಕೊಡು," ಎಂದಳು ಅಕ್ಕ.

ಮೊದಲು ನಕಲು ಮಾಡಿ ಆಮೇಲೆ ಅಳೆಯಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಜೋಡಿಸಿದ. ಓದುವ ಪರೀಕ್ಷೆಯಿಂದ ಹಾನಿಯಿಲ್ಲ. ಅವನು ಮಾಡುವ ಬರೆಯುವ ಪರೀಕ್ಷೆ ಮಾತ್ರ ಡಿಸ್ಕಿನಲ್ಲಿ ಇದ್ದದ್ದನ್ನು ಅಳಿಸುತ್ತಾ ಹೋಗುತ್ತದೆ. ಅದನ್ನು ಖಾಲಿ ಡಿಸ್ಕಿನ ಮೇಲಷ್ಟೇ ನಡೆಸಬೇಕು. ಎರಡೂ ಒಂದೇ ಸಾಮರ್ಥ್ಯದವು, ಪರದೆಯ ಮೇಲೆ ಒಂದೇ ಥರ ಕಾಣುತ್ತಿದ್ದವು. ಅವನು ಗುಂಡಿ ಒತ್ತಿ, ಹೊಸ ಡಿಸ್ಕು ಇಷ್ಟು ನಿಧಾನವೇ ಎಂದು ಮುಖ ಸಿಂಡರಿಸಿದ. ಇಷ್ಟು ನಿಧಾನದ್ದು ಹಳೆಯದೇ ಎಂದು ಮರುಕ್ಷಣ ಹೊಳೆಯಿತು. ಕೇಬಲ್ ಕಿತ್ತ.

"ಏನಾಯ್ತೋ?"

"ತಪ್ಪಾಯ್ತು ಅಕ್ಕ. ಭಾವನ ಡಿಸ್ಕನ್ನೇ ಅಳಿಸ್ತಾ ಇದ್ದೆ."

ಅಕ್ಕ ಬಾಯಿಗೆ ಬಂದಂತೆ ಬೈದಳು. ಬೈಯಬೇಕಾದದ್ದೇ. ಭಾವ ಅವಳ ತೋಳು ಹಿಡಿದು ಕೂರಿಸಿದರು.

ವೇಗದ ಡಿಸ್ಕಾಗಿದ್ದರೆ ಅಷ್ಟೇ ಹೊತ್ತಿನಲ್ಲಿ ಎಷ್ಟೋ ಹೆಚ್ಚು ಅಳಿಸಿಹೋಗುತ್ತಿತ್ತು. ಹಳೆಯದರ ಆಮೆನಡಿಗೆಯೇ ಕಾಪಾಡಿತ್ತು. ಎರಡು ದಿನ ಕೂತು ಹೆಕ್ಕಿದಾಗ ಬಹಳಷ್ಟು ಪಾಠಗಳು ಸಿಕ್ಕವು. ಕೆಲವು ಹೋಗಿದ್ದವು, ಒಂದು ಅರ್ಧಕ್ಕೇ ತುಂಡಾಗಿತ್ತು. ಮುಚ್ಚಿಡಲು ಮನಸ್ಸಾಗದೆ, ಅವರಿಬ್ಬರೂ ಮತ್ತೆ ಬಂದಾಗ ಆ ತುಂಡನ್ನೇ ಮೊದಲು ಹಾಕಿದ.

ಹದಿಮೂರರ ಮಗ್ಗಿ. ಭಾವನ ಗಟ್ಟಿ ಧ್ವನಿ ಅಂಗಡಿಯಲ್ಲೆಲ್ಲ ತುಂಬಿತು. ಕುರ್ಚಿಯಲ್ಲಿ ಕೂತ ಭಾವನ ತುಟಿಗಳೂ ಅದರ ಜೊತೆ ಆಡತೊಡಗಿದವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹದಿಮೂರೇಳ್ಲಿ ತೊಂಬತ್ತೊಂದು," ಎಂದು ಧ್ವನಿ ನಿಂತುಹೋಯಿತು.

"ಇಷ್ಟೇ ಉಳಿದಿದ್ದು ಭಾವ," ಎಂದು ಸ್ಪೀಡಣ್ಣ ತಲೆ ತಗ್ಗಿಸಿದ.

ಭಾವನ ತುಟಿಗಳು ನಿಲ್ಲಲಿಲ್ಲ. ಅಕ್ಕ ಅವನ್ನೇ ನೋಡುತ್ತಾ ಗಟ್ಟಿಯಾಗಿ ಹೇಳಿದಳು: "ಹದಿಮೂರೆಂಟ್ಲಿ ನೂರನಾಲ್ಕು."