ಸುಂದರಿ ಅಕ್ಕ ಹೇಳಿದ್ದು ಅದಲ್ಲ

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಹುಡುಗಿ ನಮ್ಮ ಬಾಲ್ಕನಿಯಲ್ಲಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ ಅಂತ ಕಾಣುತ್ತದೆ, ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿ ಮೆಲ್ಲಗೆ ಎದ್ದು ಹೋದಳು. ಪಾಪ, ಅವಳದೇನೂ ತಪ್ಪಿಲ್ಲ. ಸೈಕ್ಲೋಸ್ಟೈಲ್ ಮಾಡುವ ಸ್ಟೆನ್ಸಿಲ್ ಹಾಳೆಯ ಮೇಲೆ ತಪ್ಪು ಮುಚ್ಚಲು ಒಂದು ಗುಲಾಬಿ ಬಣ್ಣದ ದ್ರವ ಹಚ್ಚುತ್ತಿದ್ದರು, ಅದಕ್ಕೂ ಹೀಗೇ ಘಾಟು ಇರುತ್ತಿತ್ತು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ನಿಮಗೂ ಗೊತ್ತಿರಲಿಕ್ಕಿಲ್ಲ. ಸ್ಟೆನ್ಸಿಲ್ ಎಂದರೆ ಮೇಣ ಸವರಿದ ತೆಳು ಹಾಳೆ. ಮೊನೆಯಿಂದ ಗೀಚಿದರೆ ಮೇಣ ಸರಿದು ಸಣ್ಣ ಗೀರಾಗುತ್ತದೆ, ಯಂತ್ರಕ್ಕೆ ಸುತ್ತಿ ತಿರುಗಿಸಿದರೆ ಆ ಗೀರಿನಿಂದ ಶಾಯಿ ಇಳಿದು ಕೆಳಗಿನ ಕಾಗದದ ಮೇಲೆ ಮೂಡುತ್ತದೆ. ಬರೆದದ್ದು ಬೇಡವೆನಿಸಿದರೆ ಆ ದ್ರವ ಸವರಿ, ಒಣಗಿಸಿ, ಅದರ ಮೇಲೆಯೇ ಬೇರೆ ಏನಾದರೂ ಬರೆಯಬಹುದು. ಕೆಳಗೆ ಮೊದಲು ಏನಿತ್ತು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ನಾನು ಮದುವೆಯಾಗಿ ಹುಬ್ಬಳ್ಳಿಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಕಾನ್ವೆಂಟಿನಲ್ಲಿ ಓದಿದವಳು. ಪ್ಲೀಸ್, ಥ್ಯಾಂಕ್ಯೂ, ಸಾರಿ ಈ ಮೂರೂ ಬಾಯಿಗೆ ಬರುತ್ತಿದ್ದಷ್ಟು ಸಲೀಸಾಗಿ ಕನ್ನಡದ ಕಾಗುಣಿತ ಕೈಗೆ ಬರುತ್ತಿರಲಿಲ್ಲ. ಆದರೆ ಚಿತ್ರ ಬರುತ್ತಿತ್ತು. ಎಂಟನೇ ಇಯತ್ತೆಯಲ್ಲಿ ನಮ್ಮ ಸಿಸ್ಟರುಗಳನ್ನೆಲ್ಲ ಕೋಳಿಗಳನ್ನಾಗಿ ಮಾಡಿ ಒಂದು ನೋಟ್‌ಬುಕ್ ತುಂಬ ಚಿತ್ರಕಥೆ ಬರೆದಿದ್ದೆ. ಅದು ಸಿಕ್ಕಿಬಿತ್ತು. ನಾಲ್ಕು ದಿನ ಬಿಟ್ಟು ಹಿಂದಿರುಗಿಸುವಾಗ ಸಿಸ್ಟರ್, “ಕೋಳಿಯ ಕಾಲಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ನೋಡಿ ಬರಿ” ಎಂದಷ್ಟೇ ಹೇಳಿದರು. ಕೋಳಿಗಳ ಬಾಯಲ್ಲಿ ನಾನು ಹಾಕಿದ್ದ ಮಾತುಗಳಿಗೆ ಅವರು ಕೈ ಹಚ್ಚಲಿಲ್ಲ. ಅದು ಎಷ್ಟು ದೊಡ್ಡ ಗುಣವೆಂದು ಆಗ ನನಗೆ ತಿಳಿಯಲಿಲ್ಲ.

ಡೊಂಬಿವಲಿಯಲ್ಲಿ ನಮ್ಮದು ಒಂದೂವರೆ ಕೋಣೆಯ ಮನೆ. ನಮ್ಮವರು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವರು ಏಳೂ ಹನ್ನೆರಡರ ಲೋಕಲ್ ಹಿಡಿದು ಹೋದರೆ, ಮಧ್ಯಾಹ್ನದ ಊಟ ಮುಗಿದು ನಾಲ್ಕಕ್ಕೆ ನಳದಲ್ಲಿ ನೀರು ಬರುವವರೆಗೆ ನನ್ನ ರಾಜ್ಯ. ಆಗ ಕೂತು ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆ ಅಂತೀರಿ? ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ತೂಗುಹಾಕಿದ್ದ ಕಾಮಿಕ್ಸ್ ನೋಡಿಕೊಂಡು ರಾಜರು, ರಾಕ್ಷಸರು, ಕುದುರೆಗಳು! ಟಾಂಗಾ ಕುದುರೆ ಬಿಟ್ಟು ಬೇರೆ ಕುದುರೆ ಕಂಡವಳಲ್ಲ. ನನ್ನ ರಾಜರೆಲ್ಲ ಟಾಂಗಾದಿಂದ ಬಿಚ್ಚಿದ ಬಡಕಲು ಕುದುರೆಗಳ ಮೇಲೆ ಕೂತು ಯುದ್ಧಕ್ಕೆ ಹೊರಡುತ್ತಿದ್ದರು.

ತಪ್ಪು ಸಾಮಾನಿನದು ಎಂದುಕೊಂಡೆ. ಠಾಣೆಗೆ ಹೋಗಿ ಅದ್ದಿ ಬರೆಯುವ ಲೇಖನಿ, ಮೂರು ಥರದ ನಿಬ್ಬು, ಕರೀ ಶಾಯಿ ಕೊಂಡೆ. ಅಂಗಡಿಯವನು “ಮುಲಾಚ್ಯಾ ಶಾಳೇಸಾಠೀ ಕಾ ತಾಯಿ?” ಎಂದು ಕೇಳಿದ. ಮಗನ ಶಾಲೆಗೇ ಎಂದು ತಲೆಯಾಡಿಸಿದೆ. ಆಗ ನನಗೆ ಮಕ್ಕಳೇ ಇರಲಿಲ್ಲ. ನನಗೇ ಬೇಕು ಎಂದು ಹೇಳಲು ನಾಲಿಗೆ ಏಳಲಿಲ್ಲ ನೋಡಿ. ಇಂಥ ಸಣ್ಣ ಸುಳ್ಳುಗಳಿಂದಲೇ ಮುಂದಿನ ದೊಡ್ಡ ಹೇಡಿತನ ಬೆಳೆದದ್ದು ಎಂದು ಈಗ ಅನ್ನಿಸುತ್ತದೆ. ನಿಬ್ಬು ಕಾಗದ ಹರಿಯಿತು, ಶಾಯಿ ಚಾಪೆಗೆ ಬಿತ್ತು. ನಮ್ಮವರು ಆಫೀಸಿನ ನಕ್ಷೆ ಪೆನ್ನು ತಂದುಕೊಟ್ಟರು. ಅದರ ಗೆರೆ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪ, ನಾನು ಬರೆದ ರಾಣಿ ಬೋಲ್ಟಿನ ಹಾಗೆ ಕಾಣುತ್ತಿದ್ದಳು.

ಅದೇ ಸುಮಾರಿಗೆ ಸುತ್ತಲಿನ ನಾಲ್ಕು ಬಿಲ್ಡಿಂಗುಗಳ ಕನ್ನಡದವರು ಸೇರಿ ಒಂದು ಮಂಡಳ ಮಾಡಿಕೊಂಡು, ತಿಂಗಳಿಗೊಂದು ಪತ್ರಿಕೆ ತೆಗೆಯತೊಡಗಿದರು. ಹನ್ನೆರಡು ಪುಟ. ಕಲ್ಯಾಣದ ಒಂದು ಟೈಪಿಂಗ್ ಕ್ಲಾಸಿನ ಯಂತ್ರದಲ್ಲಿ ಸೈಕ್ಲೋಸ್ಟೈಲ್. ಸಂಪಾದಕರು ಇನಾಮದಾರ ಮಾಸ್ತರು, ನಿವೃತ್ತರು, ಎಲ್ಲರಿಗೂ ಹಿರಿಯರು. ಅವರು ನನ್ನಲ್ಲಿಗೆ ಬಂದು, “ತಂಗೀ, ನಿನ್ನ ಕೈ ಛಲೋ ಅದ ಅಂತ ಕೇಳೇನಿ. ಪುಟದ ಮೂಲೀಗೆ ಒಂದೊಂದು ಹೂವು ಬಳ್ಳಿ ತೆಗೆದುಕೊಡು” ಎಂದರು. ನಾನು ಹೂವಿನ ಬದಲು ನಾಲ್ಕು ಚೌಕಟ್ಟಿನ ಒಂದು ಚಿತ್ರಕಥೆ ಕೊಟ್ಟೆ. ಮಾಸ್ತರು ನಕ್ಕು ಹಾಕಿಕೊಂಡರು.

ಅಚ್ಚಾಗಿ ಬಂದದ್ದು ನೋಡಿ ಅಳು ಬಂತು. ಹೆಂಗಸರ ಮುಖಗಳಿರುವಲ್ಲೆಲ್ಲ ಕರೀ ಗುಂಡು. ಸ್ಟೆನ್ಸಿಲ್ಲಿನ ಮೇಲೆ ಒತ್ತಿ ಗುಂಡಗೆ ಬರೆದು ಗೆರೆ ಕೂಡಿಸಿದರೆ, ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಆ ತೂತಿನಿಂದ ಶಾಯಿ ಸುರಿಯುತ್ತದೆ. ನಮ್ಮ ಕನ್ನಡದ ಅಕ್ಷರಗಳೋ, ಎಲ್ಲ ಹೊಟ್ಟೆಯವೇ. ‘ಠ’ ಬರೆದರೆ ಅದರ ಹೊಟ್ಟೆಯೇ ಉದುರುತ್ತಿತ್ತು. ಎರಡು ತಿಂಗಳು ಒದ್ದಾಡಿ ಕಂಡುಕೊಂಡೆ, ಯಾವ ಗೆರೆಯನ್ನೂ ಪೂರ್ತಿ ಕೂಡಿಸಬಾರದು. ಮಾತಿನ ಗುಳ್ಳೆಗೂ ಒಂದು ಕಡೆ ಬಾಯಿ ಬಿಡಬೇಕು. ಸಾಮಾನೂ ಮನೆಯಲ್ಲೇ ಸಿಕ್ಕಿತು. ತೆಳು ಗೆರೆಗೆ ಶಾಯಿ ಮುಗಿದ ಬಾಲ್‌ಪೆನ್ನು, ದಪ್ಪ ಗೆರೆಗೆ ಕ್ರೋಶಾ ಸೂಜಿಯ ಹಿಂಬದಿ, ಕೆಳಗೆ ಹಾಸಲು ಫೋಟೋ ಕಟ್ಟಿನಿಂದ ಬಿಚ್ಚಿದ ಗಾಜು. ಠಾಣೆಯ ನಿಬ್ಬುಗಳು ಡಬ್ಬಿಯಲ್ಲಿ ತುಕ್ಕು ಹಿಡಿದವು.

ಆದರೂ ಮುಖ ಮಾತ್ರ ಒಲಿಯಲಿಲ್ಲ. ಮುಖದಲ್ಲಿ ಎಷ್ಟು ಗುಂಡುಗಳು! ಹೀಗಿರುವಾಗ ಒಂದು ಬೆಳಿಗ್ಗೆ ರಾಕೆಲ್ಲಿನ ಸಾಲಿನಲ್ಲಿ ನಿಂತಿದ್ದೆ. ಸೀಮೆಎಣ್ಣೆಗೆ ಇಲ್ಲಿ ರಾಕೆಲ್ ಎನ್ನುತ್ತಾರೆ, ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದರು. ಎರಡು ತಾಸು ನಿಂತರೆ ಏನು ಕಾಣುತ್ತದೆ ಹೇಳಿ? ಬೆನ್ನು. ಮುಂದಿನವಳ ಬೆನ್ನು, ಅವಳ ಮುಂದಿನವಳ ಅರ್ಧ ಬೆನ್ನು. ರವಿಕೆಯ ಕಂಕುಳಲ್ಲಿ ಬೇರೆ ಬಣ್ಣದ ತೇಪೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರೆ ಅವಳಿಗೆ ಅವಸರ, ಭುಜದ ಮೇಲೆ ಹೊದ್ದಿದ್ದರೆ ಮನೆಯಲ್ಲಿ ಅತ್ತೆ ಇದ್ದಾಳೆ. ಕೈ ನಡುವಿನ ಮೇಲಿದೆಯೋ ಕ್ಯಾನಿನ ಹಿಡಿಯ ಮೇಲಿದೆಯೋ ಎಂಬುದರಲ್ಲೇ ಜಗಳ ಎಷ್ಟು ಹತ್ತಿರ ಬಂದಿದೆ ಎಂದು ತಿಳಿಯುತ್ತಿತ್ತು. ಮನೆಗೆ ಬಂದವಳೇ ಸ್ಟೆನ್ಸಿಲ್ ಹಾಸಿ ಬರೀ ಬೆನ್ನುಗಳನ್ನು ಬರೆದೆ. ಒಂದೂ ಉದುರಲಿಲ್ಲ. ‘ಸಾಲಿನಲ್ಲಿ’ ಎಂದು ಹೆಸರಿಟ್ಟೆ. ಅದು ನಾನೇ ಹುಡುಕಿಕೊಂಡ ಜಾಗ. ಅಲ್ಲಿ ಯಾವ ರಾಜನಿಗೂ ಕುದುರೆ ಬೇಕಿರಲಿಲ್ಲ.

ನನ್ನ ಎದುರಿನ ಆ ಮೊದಲ ಬೆನ್ನು ಸುಂದರಿ ಅಕ್ಕನದು. ನಮ್ಮದೇ ಬಿಲ್ಡಿಂಗಿನ ನೆಲಮಹಡಿಯವರು, ಮಂಗಳೂರಿನ ಕಡೆಯವರು. ಹೋಟೆಲುಗಳಿಗೆ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿಕೊಟ್ಟು ಬದುಕುತ್ತಿದ್ದರು. ರವಿಕೆಯ ಹಿಂದೆ ಹುಕ್ಕಿನ ಬದಲು ಒಂದು ದೊಡ್ಡ ಪಿನ್ನು, ಸಿಕ್ಕ ದಿನ ಜಡೆಗೆ ಅಬ್ಬಲಿಗೆ. ಗಂಡ ನಾಲ್ಕು ವರ್ಷದ ಹಿಂದೆ ಬಿಟ್ಟುಹೋಗಿ ವಿಠ್ಠಲವಾಡಿಯಲ್ಲಿ ಬೇರೆ ಸಂಸಾರ ಹೂಡಿದ್ದ. ಇಡೀ ಓಣಿಗೆ ಗೊತ್ತಿದ್ದ ಸಂಗತಿ. ಅವರಿಗೆ ಓದು ಬರುತ್ತಿರಲಿಲ್ಲ. ಪ್ರತಿ ತಿಂಗಳೂ ಪತ್ರಿಕೆ ಬಂದಾಗ ನಾನೇ ಹೋಗಿ ಓದಿ ಹೇಳುತ್ತಿದ್ದೆ.

“ಎಂಥ ಮಾರಾಯ್ತಿ, ನನ್ನ ಬೆನ್ನು ಇಷ್ಟು ಅಗಲ ಉಂಟಾ?”

“ಇದೆ ಅಕ್ಕಾ.”

“ಹಾಗಾದ್ರೆ ಸರಿ. ಅಗಲ ಇದ್ರೆ ಹಿಂದಿನವರಿಗೆ ನೆರಳು.”

ಇತ್ತ ಮಾಸ್ತರು ನನ್ನ ಕಾಗುಣಿತ ತಿದ್ದುತ್ತಿದ್ದರು. ಬಾಗಿಲನ್ನು ನಾನು ‘ಭಾಗಿಲು’ ಎಂದು ಬರೆದದ್ದು ಮಂಡಳದಲ್ಲೆಲ್ಲ ನಗೆಯಾಯಿತು. “ಸಿಸ್ಟರ್ ಕಲಿಸಿದ ಕನ್ನಡ ಅಲ್ಲೇನವಾ!” ಎನ್ನುತ್ತ ಆ ಗುಲಾಬಿ ದ್ರವ ಸವರುತ್ತಿದ್ದರು. ನಾನೂ ನಗುತ್ತಿದ್ದೆ. ತಪ್ಪು ತಪ್ಪೇ ತಾನೆ? ಒಂದು ತಿಂಗಳು ನನ್ನ ಚಿತ್ರದ ಹೆಂಗಸು ಹೇಳಿದ್ದ “ಸಾಕಾಯ್ತು” ಎಂಬುದು “ಸಂತೋಷವಾಯಿತು” ಎಂದು ಅಚ್ಚಾಗಿತ್ತು. ಅದರಲ್ಲಿ ಕಾಗುಣಿತದ ತಪ್ಪೇನಿತ್ತು? ಕೇಳಲಿಲ್ಲ.

ಆಮೇಲೆ ಆ ದಿನ ಬಂತು. ಮೂರು ತಾಸು ನಿಂತ ಸಾಲಿಗೆ ಅಂಗಡಿಯವನು “ಸಂಪಲಾ!” ಎಂದು, ಮುಗಿಯಿತು ಎಂದು, ಶಟರ್ ಎಳೆದುಕೊಂಡ. ಒಳಗೆ ತುಂಬಿದ ಪೀಪಾಯಿ ನಮ್ಮ ಕಣ್ಣಿಗೇ ಕಂಡಿತ್ತು. ಹೆಂಗಸರು ಗೊಣಗುತ್ತ ತಿರುಗಿದರು. ಸುಂದರಿ ಅಕ್ಕ ತಮ್ಮ ಕ್ಯಾನನ್ನು ಶಟರಿನ ಮುಂದೆ ಕುಕ್ಕಿ ಅದರ ಮೇಲೆ ಕೂತುಬಿಟ್ಟರು.

“ಮುಗಿದ್ರೆ ಮುಗೀಲಿ. ನಾವು ಇಲ್ಲೇ ಕೂತುಕೊಳ್ಳುವ. ಇವ ಯಾವ ಬಾಗಿಲಿಂದ ಊಟಕ್ಕೆ ಹೋಗ್ತಾನೆ ನೋಡುವ!”

ಒಬ್ಬೊಬ್ಬರೇ ಕೂತೆವು. ಅರ್ಧ ತಾಸಿನಲ್ಲಿ ಶಟರ್ ಮೇಲೆದ್ದಿತು. ಎಲ್ಲರಿಗೂ ರಾಕೆಲ್ ಸಿಕ್ಕಿತು.

ನಾಲ್ಕು ಚೌಕಟ್ಟಿನಲ್ಲಿ ಅದನ್ನೇ ಬರೆದೆ. ಕೊನೆಯದರಲ್ಲಿ ಕ್ಯಾನಿನ ಮೇಲೆ ಕೂತ ಆ ಬೆನ್ನು, ಆ ಪಿನ್ನು, ಆ ಮಾತು. ಮಾಸ್ತರರಿಗೆ ಕೊಡುವ ಮೊದಲು ಸುಂದರಿ ಅಕ್ಕನಿಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಅಚ್ಚಾದ ಮೇಲೆ ನನಗೊಂದು ಪ್ರತಿ ಬೇಕು, ಹಾಂ? ತಮ್ಮನಿಗೆ ತೋರಿಸ್ಬೇಕು” ಎಂದರು.

ಅಚ್ಚಾಯಿತು. ಮಂಡಳದವರು ಮನೆಮನೆಗೆ ಹಂಚಿದರು. ನನ್ನ ಪ್ರತಿ ನಾನು ನೋಡುವ ಮೊದಲೇ ಸುಂದರಿ ಅಕ್ಕ ತಮ್ಮದನ್ನು ಹಿಡಿದುಕೊಂಡು ಸಾಲಿಗೆ ಹೋಗಿದ್ದರು. ನಾನು ಕ್ಯಾನು ಹಿಡಿದು ಮೂಲೆ ತಿರುಗುವಾಗ, ಅವರು ಪುಟ ಬಿಚ್ಚಿ ಮೂರನೇ ಮಹಡಿಯ ಪದ್ಮಕ್ಕನ ಕೈಗೆ ಕೊಡುತ್ತಿದ್ದರು. “ನನ್ನ ಚಿತ್ರ! ಓದಿ ಪದ್ಮಕ್ಕ, ಜೋರಾಗಿ ಓದಿ!” ಪದ್ಮಕ್ಕ ಜೋರಾಗಿಯೇ ಓದಿದಳು.

“ಇರಲಿ ಬಿಡಿ, ನಮ್ಮ ಯಜಮಾನರು ಬಂದು ಎಲ್ಲ ವ್ಯವಸ್ಥೆ ಮಾಡುತ್ತಾರೆ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮರಾಠಿಯವಳೊಬ್ಬಳು ಅರ್ಥ ಕೇಳಿ ತಿಳಿದುಕೊಂಡು, “ಕಾಯ ಸುಂದರಾಬಾಯಿ, ಮಾಲಕ ಆಲೇ ಕಾ?” ಎಂದಳು. ಯಜಮಾನ ಬಂದನೇನು ಎಂದು ಕೇಳಿದ್ದು. ಕ್ಯಾನಿನ ಮೇಲೆ ಕೂತು ಓಡಿಹೋದ ಗಂಡನ ದಾರಿ ಕಾಯುವ ಹೆಂಗಸು. ಚಿತ್ರ ಈಗ ಅದನ್ನೇ ಹೇಳುತ್ತಿತ್ತು. ಸುಂದರಿ ಅಕ್ಕ ಪುಟವನ್ನು ಮಡಿಚಿ, ನನ್ನ ಮುಖ ನೋಡಿದರು. ತಮ್ಮ ಜಾಗ ಬಿಟ್ಟು ಮನೆಗೆ ನಡೆದರು.

ಹಿಂದೆಯೇ ಹೋದೆ. ಅಕ್ಕಾ, ಅದು ನಾನು ಬರೆದದ್ದಲ್ಲ ಎಂದೆ.

“ಚಿತ್ರ ನೀವು ಮಾಡಿದ್ದಲ್ವಾ? ಕೆಳಗೆ ಹೆಸರು ಯಾರದ್ದುಂಟು?”

“ನನ್ನದೇ.”

“ಮತ್ತೆ?” ಎಂದರು. ಕ್ಯಾನನ್ನು ಕೆಳಗಿಟ್ಟು, “ಹಾಗಾದ್ರೆ ಬರುವ ತಿಂಗಳು ಹಾಕಿಸಿ, ಅದು ಸುಂದರಿ ಹೇಳಿದ್ದಲ್ಲ ಅಂತ. ಅಷ್ಟು ಮಾಡಿ ಸಾಕು” ಎಂದರು.

ಅಷ್ಟೇ ಅವರು ಕೇಳಿದ್ದು. ನಾನು ಮಾಸ್ತರರ ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಕೊಂಡೇ ಹೋಗಿದ್ದೆ. ಮಾಸ್ತರು ನಗುನಗುತ್ತ ಕೂಡಿಸಿದರು. “ಹೆಣ್ಣುಮಕ್ಕಳು ಅಂಗಡಿ ಮುಂದ ಧರಣಿ ಕೂಡೂದು ನಮ್ಮ ಪತ್ರಿಕಾದಾಗ ಛಂದ ಕಾಣಂಗಿಲ್ಲ ತಂಗೀ. ಅದಕ್ಕ ಒಂದೀಟು ಮೆತ್ತಗ ಮಾಡಿದೆ.” ತಿದ್ದುಪಡಿಯ ಮಾತೆತ್ತಿದೆ. “ನಗಿಚಿತ್ರಕ್ಕ ಯಾರರ ತಿದ್ದುಪಡಿ ಹಾಕ್ತಾರೇನು? ಹುಚ್ಚಿ! ನಾಕು ಮಂದಿ ನಕ್ಕರಿಲ್ಲೋ?” ಎಂದು ಒಳಗೆ ಕೂಗಿ ನಿಂಬೆ ಶರಬತ್ತು ತರಿಸಿದರು. ನಾನು ಏನು ಮಾಡಿದೆ ಗೊತ್ತೇ? “ಪರವಾಗಿಲ್ಲ ಸರ್” ಎಂದೆ. ಶರಬತ್ತು ಪೂರ್ತಿ ಕುಡಿದೆ. ಲೋಟ ತೊಳೆದಿಟ್ಟು, ಥ್ಯಾಂಕ್ಯೂ ಹೇಳಿ ಬಂದೆ.

ಮಾಸ್ತರರ ಮೇಲಿನ ಸಿಟ್ಟು ಒಂದು ತೂಕದ್ದಾದರೆ, ಆ ಥ್ಯಾಂಕ್ಯೂ ಮೇಲಿನ ಸಿಟ್ಟು ಇನ್ನೊಂದು ತೂಕದ್ದು. ನಮ್ಮವರು, “ದೊಡ್ಡವರು, ಎರಡು ಶಬ್ದ ತಿದ್ದ್ಯಾರ, ಅಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ?” ಎಂದರು. ಮುಂದಿನ ಎರಡು ತಿಂಗಳು ಮಾಸ್ತರು ಕೇಳಿದ ಹೂವು ಬಳ್ಳಿಯನ್ನೇ ಬರೆದುಕೊಟ್ಟೆ. ಅದೂ ನಾನೇ. ಆಮೇಲೆ ನಿಲ್ಲಿಸಿದೆ.

ಸಾಲಿನಲ್ಲಿ ಸುಂದರಿ ಅಕ್ಕನ ಹಿಂದೆ ನಾನು ನಿಂತರೆ, ಅವರು ಒಂದು ತಾಸು ಕಾದ ಜಾಗವನ್ನೂ ಬಿಟ್ಟು ಕೊನೆಗೆ ಹೋಗಿ ನಿಲ್ಲುತ್ತಿದ್ದರು. ನನಗೆ ಬೆನ್ನು ಕೊಟ್ಟು ನಿಲ್ಲುವಷ್ಟು ನಂಬಿಕೆ ಉಳಿದಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ತಮ್ಮನಿಗೆ ರಬಾಳೆಯ ಕಾರಖಾನೆಯೊಂದರಲ್ಲಿ ಕೆಲಸವಾಯಿತೆಂದು ಅಲ್ಲಿಗೆ ಹೊರಟುಹೋದರು. ಟೆಂಪೋಗೆ ಉಪ್ಪಿನಕಾಯಿ ಭರಣಿಗಳನ್ನು ಹೇರುವುದನ್ನು ಮೇಲಿನಿಂದ ನೋಡಿದೆ. ಕೆಳಗಿಳಿಯಲಿಲ್ಲ.

ಕಳೆದ ವಾರ ಮಂಡಳದ ಈಗಿನ ಕಾರ್ಯದರ್ಶಿ ಫೋನು ಮಾಡಿದ್ದಳು. ಸ್ಮರಣ ಸಂಚಿಕೆ ತರುತ್ತಾರಂತೆ. “ಆಂಟಿ, ನಿಮ್ಮ ಹಳೇ ಕಾಮಿಕ್ ಒಂದು ಸಿಕ್ಕಿದೆ. ಆ ‘ಯಜಮಾನರು’ ಜೋಕ್! ಏಕ್‌ದಮ್ ಕ್ಲಾಸ್! ಫುಲ್ ಪೇಜ್ ಹಾಕ್ತೇವೆ.”

“ಅದನ್ನು ಹಾಕಬೇಡ” ಎಂದೆ.

“ಅರೇ, ಪರ್ಮಿಷನ್ ಆಯ್ತಲ್ಲ ಆಂಟಿ. ಮಾಸ್ತರರ ಮಗ ಕೊಟ್ಟಿದಾರೆ.”

ಮಾಸ್ತರರ ಮಗ! ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಿರುಚಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಚಿತ್ರ ನನ್ನದು, ಬೆನ್ನು ಸುಂದರಿ ಅಕ್ಕನದು, ಮಾಸ್ತರರ ಮಗ ಯಾರು ಕೊಡಲಿಕ್ಕೆ ಎಂದೆ. ಪ್ಲೀಸ್ ಅನ್ನಲಿಲ್ಲ. ಆ ಹುಡುಗಿ ಹೆದರಿ, “ಓಕೆ ಆಂಟಿ, ಓಕೆ. ಮತ್ತೆ ಆ ಪೇಜಿಗೆ ಏನು ಹಾಕೋದು?” ಎಂದಳು.

ಇದನ್ನು ಹಾಕಿ ಎಂದು ಬರೆಯುತ್ತಿದ್ದೇನೆ. ಕಾಗುಣಿತ ಎಲ್ಲಿ ತಪ್ಪಿದೆಯೋ ಹಾಗೇ ಇರಲಿ, ಯಾರೂ ಕೈ ಹಚ್ಚಕೂಡದು. ಓದುವ ನಿಮ್ಮಲ್ಲಿ ಯಾರಿಗಾದರೂ ರಬಾಳೆಯ ಕಡೆ, ಉಪ್ಪಿನಕಾಯಿ ಹಾಕುವ, ಅಗಲ ಬೆನ್ನಿನ ಸುಂದರಿ ಎಂಬ ಹಿರಿಯರು ಗೊತ್ತಿದ್ದರೆ ದಯವಿಟ್ಟು ಈ ಪುಟ ಒಯ್ಯಿರಿ. ಅವರಿಗೆ ಓದಲು ಬರುವುದಿಲ್ಲ, ನೀವೇ ಓದಿ ಹೇಳಬೇಕು. ನನ್ನ ಉಳಿದ ಪುರಾಣವೆಲ್ಲ ಬಿಟ್ಟುಬಿಡಿ. ಶಟರಿನ ಮುಂದೆ ಕೂತು ಅವರು ಆಡಿದ ಆ ಮಾತೊಂದನ್ನು ಓದಿ. ಈಗ ಅಚ್ಚಾಗಿದೆ, ಅವರು ಹೇಳಿದ ಹಾಗೇ ಇದೆ ಎಂದು ತಿಳಿಸಿ.

ಜೋರಾಗಿ ಓದಿ. ಆಚೀಚೆಯ ಮನೆಯವರಿಗೂ ಕೇಳಿಸಲಿ.